ಹಳೇ ಕಾರಿನ ಸೈಲೆನ್ಸರ್

ಕೋಣನಕುಂಟೆಯ ರಸ್ತೆಯಲ್ಲಿ ಒಂದೊಂದು ಸಲ ಹಳೇ ಅಂಬಾಸಡರ್ ಕಾರು ಕಾಣುತ್ತದೆ. ಹೊಸ ಅಂಬಾಸಡರ್ ತಯಾರಾಗುವುದು 2014ರಲ್ಲೇ ನಿಂತಿತು. ಇದ್ದವರು ಪ್ರೀತಿಯಿಂದ ಉಳಿಸಿಕೊಂಡಿದ್ದಾರೆ.

ಕಾರಿನ ಕೆಳಗೆ ಉದ್ದ ಕೊಳವೆ ನೋಡಿದ್ದೀರಾ? ಅದರ ನಡುವೆ ದಪ್ಪ ಡಬ್ಬಿ ಇರುತ್ತದೆ. ಅದೇ ಸೈಲೆನ್ಸರ್. ಒಲೆಗೆ ಹೊಗೆಗೂಡು ಇದ್ದ ಹಾಗೆ ಕಾರಿಗೆ ಈ ಕೊಳವೆ. ಕೊಳವೆ ಇಂಜಿನ್ನಿನ ಹೊಗೆಯನ್ನು ಹಿಂದಕ್ಕೆ ಸಾಗಿಸುತ್ತದೆ. ಡಬ್ಬಿ ಸದ್ದು ಅಡಗಿಸುತ್ತದೆ.

ಹಳೇ ಕಾಲದ ರೇಸ್ ಕಾರಿನ ಹಾಗೆ ಗುಡುಗಲಿ ಅಂತ ಕೆಲವರು ಅಗಲ ಕೊಳವೆ ಹಾಕಿಸುತ್ತಾರೆ. ಹೊಗೆ ಸಲೀಸಾಗಿ ಹೋದರೆ ಇಂಜಿನ್ನಿಗೆ ಸ್ವಲ್ಪ ಬಲ ಬರಬಹುದು. ಆದರೆ ಸೈಲೆನ್ಸರ್ ತೆಗೆದು ಓಡಿಸುವುದು ಕಾನೂನಿಗೆ ವಿರುದ್ಧ. ಮಲಗಿದ ಕೂಸೂ ಬೆಚ್ಚಿ ಬೀಳುತ್ತೆ.

ಕೊಳವೆಯ ಜೋಡಣೆ ಸಡಿಲವಾದರೆ ಇನ್ನೂ ಅಪಾಯ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಕಾರಿನೊಳಗೆ ತುಂಬಿದರೆ ತಲೆನೋವು, ತಲೆಸುತ್ತು, ವಾಂತಿ ಬರುತ್ತೆ. ಪ್ರಾಣವೂ ಹೋಗಬಹುದು.

ಹಾಗಾದರೆ ಸುಮ್ಮನೆ ಕೂರಬೇಡಿ. "ಗಾಡಿ ನಿಲ್ಲಿಸಿ" ಅನ್ನಿ. ಮಗುವನ್ನು ಎತ್ತಿಕೊಂಡು ಹೊರಗಿನ ಗಾಳಿಗೆ ಬನ್ನಿ. ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲು ಯಾರನ್ನೂ ಬಿಡಬೇಡಿ.

ಗಾಡಿ ಯಾರದಾದರೂ ಇರಲಿ, ಉಸಿರು ನಮ್ಮದು ಅಲ್ಲವೇ?