ಆಂಟೆನಾ ಕೇಬಲ್ಲಿಗೇಕೆ ಜಾಲರಿ?

ಕಾರಿನ ಆಂಟೆನಾ ಕೇಬಲ್ ತುಂಡಾಗಿತ್ತು. ಮನೆಯಲ್ಲಿದ್ದ ಮಾಮೂಲಿ ವೈರ್ ಜೋಡಿಸಿದೆ. ರೇಡಿಯೋ ಬರೀ ಕರಕರ ಎನ್ನುತ್ತದೆ, ಏಕೆ?

ಆಂಟೆನಾ ಹಿಡಿಯುವ ಸಂಕೇತ ತೀರಾ ಬಡಕಲು. ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಪ್ರತಿ ಕಿಡಿಯೂ ರೇಡಿಯೋ ಅಲೆ ಎಬ್ಬಿಸುತ್ತದೆ. ಬರಿಯ ವೈರ್ ತಾನೇ ಆಂಟೆನಾ ಆಗಿ ಆ ಗದ್ದಲವನ್ನೂ ಹೀರುತ್ತದೆ. ತೆರೆದ ಕಾಲುವೆಯ ನೀರಿಗೆ ದಾರಿಯುದ್ದಕ್ಕೂ ಕಸ ಬಿದ್ದಂತೆ. ಕೊಳವೆಯ ನೀರಿಗೆ ಆ ಭಯವಿಲ್ಲ.

ಹಳೆಯ ಕೇಬಲ್ ಸೀಳಿ ನೋಡಿ: ನಡುವೆ ತಂತಿ, ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಹೆಣೆದ ಲೋಹದ ಜಾಲರಿ. ಕೊಳವೆ ಅಂದರೆ ಈ ಜಾಲರಿಯೇ. ಅದು ಕಾರಿನ ಲೋಹದ ಮೈಗೆ ಕೂಡಿರುವುದರಿಂದ ಹೊರಗಿನ ಗದ್ದಲ ಅಲ್ಲೇ ಇಳಿದುಹೋಗುತ್ತದೆ. ಹಾಗಾಗಿ ಹೊಸ ಕೇಬಲ್ ಹಾಕುವಾಗ, ಜಾಲರಿ ಕಾರಿನ ಮೈಗೆ ಚೆನ್ನಾಗಿ ಕೂಡಲೆಂದು, ಆಂಟೆನಾ ಬುಡದ ತುಕ್ಕು ಉಜ್ಜಲೇಬೇಕು. ಜಾಲರಿಯ ಒಂದೆಳೆ ನಡುತಂತಿಗೆ ತಾಗಿದರೆ ಮಾತ್ರ ಕರಕರವೇ ವಾಸಿ ಅನಿಸೀತು, ಸ್ಟೇಷನ್ನೇ ಸಿಗದು!