ದಿನನಿತ್ಯದ ಸೈಕಲ್ ಸವಾರಿಗೆ ಹಿತವಾದ ಉಡುಪು

ಸೈಕಲ್ ತುಳಿಯುವಾಗ ದೇಹದ ಭಾರ ಮೂರು ಕಡೆ ಹಂಚಿಹೋಗುತ್ತದೆ: ಹ್ಯಾಂಡಲ್ ಹಿಡಿದ ಅಂಗೈಗೆ ಒಂದಿಷ್ಟು, ಪೆಡಲ್ ಮೇಲಿನ ಪಾದಕ್ಕೆ ಒಂದಿಷ್ಟು, ಉಳಿದದ್ದು ಸೀಟಿಗೆ. ಸೀಟಿನ ಮೇಲೆ ಬೀಳುವ ಭಾರವನ್ನು ಹೊರಲು ಸೊಂಟದ ಮೂಳೆಗೂಡಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಗಟ್ಟಿ ಉಬ್ಬು ಇದೆ. ಮರದ ಹಲಗೆಯ ಮೇಲೆ ಬಹಳ ಹೊತ್ತು ಕುಳಿತಾಗ ನೋಯುವುದು ಈ ಉಬ್ಬುಗಳೇ. ಅವೆರಡರ ನಡುವಿನ ಮೆದುಭಾಗದಲ್ಲಿ ಜನನಾಂಗಕ್ಕೆ ಹೋಗುವ ನರಗಳೂ ರಕ್ತನಾಳಗಳೂ ಇವೆ. ಭಾರ ಮೂಳೆಯ ಮೇಲೆ ನಿಂತರೆ ಸವಾರಿ ಹಿತವಾಗಿರುತ್ತದೆ. ಮೆದುಭಾಗಕ್ಕೆ ಜಾರಿದರೆ ಜೋಮು ಹಿಡಿಯುತ್ತದೆ. ಇದರ ಜೊತೆಗೆ ಉಜ್ಜಾಟ. ನಿಮಿಷಕ್ಕೆ 60 ಸುತ್ತಿನಂತೆ ನಿಧಾನವಾಗಿ ತುಳಿದರೂ ಅರ್ಧ ಗಂಟೆಯಲ್ಲಿ ಒಂದೊಂದು ಕಾಲೂ 1,800 ಸಲ ಮೇಲೆ ಕೆಳಗೆ ಆಡುತ್ತದೆ. ಅಷ್ಟೂ ಸಲ ಒಳತೊಡೆ ಸೀಟಿನ ಅಂಚನ್ನು ಸವರಿಕೊಂಡೇ ಹೋಗುತ್ತದೆ. ಒತ್ತಡ, ಉಜ್ಜಾಟ, ಬೆವರು ಈ ಮೂರನ್ನೂ ತಾಳುವ ಬಟ್ಟೆ ಯಾವುದು ಎಂದು ನೋಡಿಕೊಂಡ ಮೇಲೆ ಬಣ್ಣ, ಬ್ರ್ಯಾಂಡುಗಳ ಮಾತು.

ನಮ್ಮಲ್ಲಿ ಹೊಸದಾಗಿ ಸೈಕಲ್ ಹತ್ತುವವರು ಸಾಮಾನ್ಯವಾಗಿ ಹಾಕಿಕೊಳ್ಳುವುದು ಜೀನ್ಸ್ ಪ್ಯಾಂಟು. ಗಟ್ಟಿ ಬಟ್ಟೆ, ಬೇಗ ಹರಿಯದು ಎಂಬ ಲೆಕ್ಕಾಚಾರ. ಆದರೆ ಸೀಟಿಗೆ ಇದಕ್ಕಿಂತ ಒಗ್ಗದ ಉಡುಪು ಇನ್ನೊಂದಿಲ್ಲ. ಎರಡು ಕಾಲಿನ ಒಳಹೊಲಿಗೆಗಳೂ ಮುಂದಿನ, ಹಿಂದಿನ ನಡುಹೊಲಿಗೆಗಳೂ ತೊಡೆಸಂದಿನಲ್ಲಿ ಒಂದೇ ಬಿಂದುವಿಗೆ ಬಂದು ಸೇರುತ್ತವೆ. ಜೀನ್ಸಿನಲ್ಲಿ ಈ ಹೊಲಿಗೆಗಳನ್ನು ಮಡಚಿ ಎರಡೆರಡು ಸಾಲು ಹಾಕಿರುವುದರಿಂದ ಅಲ್ಲಿ ಬಟ್ಟೆಯ ಗಂಟೇ ಆಗಿರುತ್ತದೆ. ಆ ಗಂಟು ಒತ್ತುವುದು ಯಾವ ಒತ್ತಡವನ್ನೂ ತಾಳದ ಮೆದುಭಾಗವನ್ನೇ. ಹಿಂಜೇಬಿನಲ್ಲಿ ಲೋಹದ ಗುಂಡಿ ಇದ್ದರೆ ಸೀಟಿನ ಹೊದಿಕೆಯೂ ಹಾಳಾಗುತ್ತದೆ. ಬೆವರಿಗೋ ಮಳೆಗೋ ನೆನೆದ ಮೇಲಂತೂ ಜೀನ್ಸು ತೊಡೆಗೆ ಅಂಟಿ ಮೊಣಕಾಲು ಮಡಚಲು ಬಿಡುವುದಿಲ್ಲ.

ಇದಕ್ಕೆ ಊರಿನ ದರ್ಜಿಯ ಬಳಿಯೇ ಪರಿಹಾರವಿದೆ. ಹೊಲಿಗೆಗಳು ಕೂಡುವ ಜಾಗದಲ್ಲಿ ವಜ್ರಾಕಾರದ ಒಂದು ತುಂಡು ಬಟ್ಟೆ ಸೇರಿಸಿ ಹೊಲಿದರೆ ಗಂಟು ಮಾಯವಾಗಿ ಹೊಲಿಗೆಗಳು ಪಕ್ಕಕ್ಕೆ ಸರಿಯುತ್ತವೆ, ಕಾಲಾಡಿಸಲು ಸಡಿಲವೂ ಸಿಗುತ್ತದೆ. ಪೈಜಾಮ, ಸಲ್ವಾರುಗಳಲ್ಲಿ ಈ ತುಂಡು ಹಿಂದಿನಿಂದಲೂ ಇದೆ. ಬೆಟ್ಟ ಹತ್ತುವವರಿಗೆಂದು ಮಾರುವ ಪ್ಯಾಂಟು, ಬರ್ಮುಡಾಗಳಲ್ಲೂ ಇರುತ್ತದೆ. ಕೊಳ್ಳುವ ಮೊದಲು ಒಳಮಗ್ಗುಲು ತಿರುವಿ ಇದೊಂದನ್ನು ನೋಡಿಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಉಡುಪಿನ ಆಯ್ಕೆ ಸೈಕಲ್ಲಿನ ಮೇಲೂ ನಿಂತಿದೆ. ಹಾಲು ಹಾಕುವವರೂ ಅಂಚೆಯವರೂ ದಶಕಗಳ ಕಾಲ ತುಳಿದ ಕಪ್ಪು ಸೈಕಲ್ಲಿನ ಹ್ಯಾಂಡಲ್ ಎತ್ತರದಲ್ಲಿರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಸೀಟು ಅಗಲ, ಕೆಳಗೆ ಸ್ಪ್ರಿಂಗು. ಅದರ ಮೇಲೆ ಪಂಚೆ ಉಟ್ಟವರೂ ಖಾಕಿ ಚಡ್ಡಿ ತೊಟ್ಟವರೂ ತೊಂದರೆಯಿಲ್ಲದೆ ಮೈಲುಗಟ್ಟಲೆ ಹೋಗುತ್ತಿದ್ದರು. ಅವರ ಮೈ ಗಟ್ಟಿಯಾಗಿದ್ದದ್ದು ನಿಜವಿರಬಹುದು, ಆದರೆ ಆ ಸೈಕಲ್ಲು ಕೂರಿಸುವ ಭಂಗಿಯೇ ಅವರ ನೆರವಿಗಿತ್ತು. ಈಗಿನ ಗೇರ್ ಸೈಕಲ್ಲುಗಳಲ್ಲಿ ಸವಾರ ಮುಂದಕ್ಕೆ ಬಾಗುತ್ತಾನೆ, ಸೀಟು ಕಿರಿದು, ಭಾರ ಮೂಳೆಯಿಂದ ಮುಂದಕ್ಕೆ ಸರಿಯುತ್ತದೆ. ಪ್ಯಾಡ್ ಇರುವ ಚಡ್ಡಿ ಬೇಕೆನಿಸುವುದು ಇಲ್ಲಿಯೇ. ನಾಲ್ಕೈದು ಕಿಲೋಮೀಟರ್ ದೂರದ ಕಚೇರಿಗೆ ಮಾಮೂಲಿ ಬಟ್ಟೆ ಸಾಕು. ಒಂದು ಕಡೆಗೆ ಹತ್ತು ಕಿಲೋಮೀಟರ್ ದಾಟುವವರಿಗೆ ಪ್ಯಾಡಿನ ಖರ್ಚು ಸಾರ್ಥಕ.

ಆ ಖರ್ಚಿಗೂ ಮೊದಲು ಸೀಟನ್ನು ಸರಿಪಡಿಸಬೇಕು, ಅದಕ್ಕೆ ಕಾಸು ಬೇಡ. ಸೀಟು ಅತಿ ಎತ್ತರದಲ್ಲಿದ್ದರೆ ಪೆಡಲ್ ಕೆಳಗಿಳಿದಾಗಲೆಲ್ಲ ಸೊಂಟ ಆ ಕಡೆ ಈ ಕಡೆ ವಾಲುತ್ತದೆ, ತೊಡೆಸಂದು ಉಜ್ಜಿಹೋಗುತ್ತದೆ. ಮೂತಿ ಮೇಲಕ್ಕೆದ್ದ ಸೀಟು ಮೆದುಭಾಗವನ್ನು ಒತ್ತುತ್ತದೆ, ಕೆಳಗಿಳಿದದ್ದು ಸವಾರನನ್ನು ಮುಂದಕ್ಕೆ ಜಾರಿಸಿ ಕೈಗೆ ಭಾರ ಹೊರಿಸುತ್ತದೆ. ಸೀಟನ್ನು ಬಹುಮಟ್ಟಿಗೆ ಸಮತಲವಾಗಿಟ್ಟು, ಪೆಡಲ್ ಅತಿ ಕೆಳಗಿದ್ದಾಗ ಮೊಣಕಾಲು ತುಸುವೇ ಮಡಚಿರುವಂತೆ ಎತ್ತರ ಹೊಂದಿಸಿದರೆ ಎಷ್ಟೋ ನೋವು ಅಲ್ಲಿಗೇ ನಿಲ್ಲುತ್ತದೆ. ಈ ಕೆಲಸ ಬಿಟ್ಟು ದುಬಾರಿ ಚಡ್ಡಿ ಕೊಂಡವರು ಹಣವನ್ನೂ ಕಳೆದುಕೊಂಡು ಸೈಕಲ್ಲನ್ನೂ ಮೂಲೆಗಿಡುತ್ತಾರೆ.

ಪ್ಯಾಡ್ ಚಡ್ಡಿ ಹುಟ್ಟಿದ್ದು ಯುರೋಪಿನ ಪಂದ್ಯಗಳ ಸೈಕಲ್ ಸವಾರರಲ್ಲಿ. ಮೊದಲಿಗೆ ಅವರು ತೊಡುತ್ತಿದ್ದದ್ದು ಉಣ್ಣೆಯ ಚಡ್ಡಿ. ಒಳಗೆ ಷಮ್ವಾ ಎಂಬ ಬೆಟ್ಟದ ಮೇಕೆಯಂಥ ಪ್ರಾಣಿಯ ಮೆತ್ತನೆಯ ತೊಗಲನ್ನು ಹೊಲಿದಿರುತ್ತಿದ್ದರು. ಆ ತೊಗಲಿಗೆ ಮೆತ್ತೆಯ ಕೆಲಸವಿರಲಿಲ್ಲ. ಹೊಲಿಗೆ ಚರ್ಮಕ್ಕೆ ತಾಗದಂತೆ ತಡೆಯುವುದೇ ಅದರ ಉದ್ದೇಶ. ಒಗೆದರೆ ಬಿರುಸಾಗುತ್ತಿದ್ದ ಕಾರಣ ಮತ್ತೆ ಮತ್ತೆ ಕ್ರೀಮು ಸವರಿ ಹದ ಮಾಡಬೇಕಿತ್ತು. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶಿವರ್ಸ್ ಲೈಕ್ರಾ ಎಂಬ ಹಿಗ್ಗುವ ನೂಲನ್ನು ಕಂಡುಹಿಡಿದರು. ಮುಂದೆ ಉಣ್ಣೆಯ ಜಾಗಕ್ಕೆ ಲೈಕ್ರಾ, ತೊಗಲಿನ ಜಾಗಕ್ಕೆ ಕೃತಕ ಸ್ಪಂಜು ಬಂದವು.

ಪ್ಯಾಡ್ ದಪ್ಪವಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಅಂಗಡಿಗಳಲ್ಲಿ ಬಲವಾಗಿದೆ. ಅದು ತಪ್ಪು. ತೀರ ಮೆತ್ತನೆಯ ದಪ್ಪ ಸ್ಪಂಜಿನಲ್ಲಿ ಮೂಳೆಗಳು ಹೂತುಹೋಗುತ್ತವೆ, ನಡುವಿನ ಸ್ಪಂಜು ಉಬ್ಬಿ ಮೆದುಭಾಗವನ್ನೇ ಒತ್ತುತ್ತದೆ. ಸೀಟಿನ ಮೇಲೆ ಹಾಕುವ ಜೆಲ್ ಕವರುಗಳ ತೊಂದರೆಯೂ ಇದೇ: ಮೊದಲ ಹತ್ತು ನಿಮಿಷ ಹಿತ, ಗಂಟೆಯ ಹೊತ್ತಿಗೆ ಜೋಮು. ಒಳ್ಳೆಯ ಪ್ಯಾಡಿನಲ್ಲಿ ಮೂಳೆ ಕೂರುವ ಎರಡು ಕಡೆ ಸ್ಪಂಜು ಗಟ್ಟಿಯಾಗಿ ಒತ್ತಾಗಿರುತ್ತದೆ, ನಡುವೆ ತಗ್ಗೋ ಕಾಲುವೆಯೋ ಇರುತ್ತದೆ, ಅಂಚಿಗೆ ಹೋದಂತೆ ತೆಳುವಾಗಿ ಹೊಲಿಗೆಯ ಸುಳಿವೇ ಸಿಗದಂತೆ ಮುಗಿಯುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಪೂರ್ತಿ ಚಪ್ಪಟೆಯಾಗಿ ಆ ಕಡೆಯ ಬೆರಳು ತಾಗಿದರೆ ಅದು ಹೆಚ್ಚು ದಿನ ಬಾಳುವುದಿಲ್ಲ. ಹೆಂಗಸರಿಗೆ ಸಾಮಾನ್ಯವಾಗಿ ಕೂರುವ ಮೂಳೆಗಳ ನಡುವಿನ ಅಂತರ ಹೆಚ್ಚು, ಹಾಗಾಗಿ ಅವರ ಪ್ಯಾಡ್ ಹಿಂಭಾಗದಲ್ಲಿ ಅಗಲವಾಗಿರುತ್ತದೆ. ಗಂಡಸರ ಚಡ್ಡಿಯನ್ನೇ ಚಿಕ್ಕ ಅಳತೆಯಲ್ಲಿ ಕೊಂಡರೆ ಇದು ಸಿಗುವುದಿಲ್ಲ.

ಅಳತೆ ಮೈಗೆ ಬಿಗಿಯಾಗಿರಬೇಕು. ಸಡಿಲವಾದ ಚಡ್ಡಿಯೊಳಗೆ ಪ್ಯಾಡ್ ಜರುಗಿ ಅದೇ ಚರ್ಮವನ್ನು ಉಜ್ಜುತ್ತದೆ. ಅಂಗಡಿಯಲ್ಲಿ ಕನ್ನಡಿಯ ಮುಂದೆ ನಿಂತು ನೋಡಿದರೆ ಇದು ತಿಳಿಯುವುದಿಲ್ಲ, ನಿಂತಾಗ ಅದು ಎಳೆಮಗುವಿನ ಲಂಗೋಟಿಯಂತೆ ತೊಡಕೆನಿಸುವುದೇ ಸಹಜ. ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿ, ಒಂದು ಕಾಲನ್ನು ಮಡಚಿ ಎತ್ತಿ ನೋಡಬೇಕು. ಆಗ ಸೊಂಟದ ಇಲಾಸ್ಟಿಕ್ ಹೊಟ್ಟೆಗೆ ಕೊರೆಯಬಾರದು, ಬೆನ್ನು ಬರಿದಾಗಬಾರದು. ಭುಜಕ್ಕೆ ಪಟ್ಟಿ ಇರುವ ಚಡ್ಡಿಗಳಲ್ಲಿ ಇಲಾಸ್ಟಿಕ್ಕಿನ ಕಾಟವಿಲ್ಲ, ಆದರೆ ಶೌಚಕ್ಕೆ ಹೋಗುವಾಗ ಮೇಲಂಗಿಯನ್ನೂ ಕಳಚಬೇಕು. ದೂರದ ಸವಾರಿಗೆ ಅವು ಸರಿ, ಕಚೇರಿಯ ದಾರಿಗೆ ಬೇಡ.

ಇನ್ನೊಂದು ಮಾತನ್ನು ಹೇಳಲು ಅಂಗಡಿಯವರು ಸಂಕೋಚಪಡುತ್ತಾರೆ. ಪ್ಯಾಡ್ ಚಡ್ಡಿಯ ಒಳಗೆ ಒಳಉಡುಪು ತೊಡಬಾರದು. ಪ್ಯಾಡ್ ನೇರವಾಗಿ ಚರ್ಮಕ್ಕೆ ತಾಗಿದರೆ ಬೆವರನ್ನು ಎಳೆದುಕೊಳ್ಳುತ್ತದೆ; ನಡುವೆ ಹತ್ತಿಯ ಒಳಚಡ್ಡಿ ಬಂದರೆ ಅದರ ಹೊಲಿಗೆಯೂ ಒದ್ದೆಯೂ ಮೊದಲಿನ ಕಾಟವನ್ನೇ ವಾಪಸು ತರುತ್ತವೆ. ಮೈಗಂಟಿದ ಲೈಕ್ರಾ ತೊಟ್ಟು ಬೀದಿಯಲ್ಲಿ ಹೋಗಲು, ಕಚೇರಿಯ ಲಿಫ್ಟಿನಲ್ಲಿ ನಿಲ್ಲಲು ಹಿಂಜರಿಯುವವರು ಬಹಳ. ಅವರಿಗೆ ತೆಳುವಾದ ಪ್ಯಾಡ್ ಇರುವ ಒಳಚಡ್ಡಿ ಸಿಗುತ್ತದೆ. ಅದರ ಮೇಲೆ ಸಾಧಾರಣ ಬರ್ಮುಡಾ, ಪ್ಯಾಂಟು, ಸಲ್ವಾರು ಯಾವುದನ್ನಾದರೂ ತೊಡಬಹುದು. ಜೇಬು ಸಿಗುತ್ತದೆ, ಮಾನವೂ ಉಳಿಯುತ್ತದೆ. ಊರೊಳಗಿನ ಓಡಾಟಕ್ಕೆ ಇದಕ್ಕಿಂತ ಉಪಯುಕ್ತವಾದ ಉಡುಪಿಲ್ಲ.

ಮೇಲಂಗಿಯ ವಿಷಯದಲ್ಲಿ ನೂಲಿನ ಗುಣ ತಿಳಿದಿರಬೇಕು. ಶೇ. 65ರಷ್ಟು ಸಾಪೇಕ್ಷ ತೇವಾಂಶವಿರುವ ಗಾಳಿಯಲ್ಲಿ ಹತ್ತಿ ತನ್ನ ಒಣತೂಕದ ಸುಮಾರು ಶೇ. 8ರಷ್ಟು ನೀರನ್ನು ಹೀರಿಕೊಂಡಿರುತ್ತದೆ, ಉಣ್ಣೆ ಶೇ. 16ರಷ್ಟು, ನೈಲಾನ್ ಶೇ. 4ರಷ್ಟು. ಪಾಲಿಯೆಸ್ಟರ್ ಶೇ. ಅರ್ಧವನ್ನೂ ಮುಟ್ಟುವುದಿಲ್ಲ. ಹಾಗಾಗಿ ಪಾಲಿಯೆಸ್ಟರ್ ಬನಿಯನ್ನು ಬೇಗ ಒಣಗುತ್ತದೆ, ಹತ್ತಿಯದು ಬೆವರು ಕುಡಿದು ಬೆನ್ನಿಗಂಟುತ್ತದೆ. ಆದರೆ ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ. ಕಲಬುರಗಿ, ರಾಯಚೂರುಗಳ ಒಣ ಬಿಸಿಲಿನಲ್ಲಿ ಸಡಿಲವಾದ ತೆಳು ಹತ್ತಿಯ ತುಂಬುತೋಳಿನ ಅಂಗಿ ಬೆವರನ್ನು ಹಿಡಿದಿಟ್ಟು ನಿಧಾನವಾಗಿ ಆರಿಸುತ್ತ ಮೈ ತಂಪಾಗಿಡುತ್ತದೆ, ಬಿಸಿಲನ್ನೂ ತಡೆಯುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಅಲ್ಲಿ ತೆಳುವಾದ ಜಾಳು ಪಾಲಿಯೆಸ್ಟರೇ ಮೇಲು. ಬೆಂಗಳೂರಿನ ಚಳಿಗಾಲದ ಬೆಳಗಿಗೆ ಗಾಳಿ ತಡೆಯುವ ಒಂದು ತೆಳು ಜಾಕೆಟ್ ಸಾಕು. ಹೊರಡುವಾಗ ತುಸು ಚಳಿಯೆನಿಸಿದರೆ ಅದೇ ಸರಿಯಾದ ಉಡುಪು, ಹತ್ತು ನಿಮಿಷದಲ್ಲಿ ಮೈ ಬೆಚ್ಚಗಾಗುತ್ತದೆ. ಪಾಲಿಯೆಸ್ಟರಿಗೆ ಒಂದು ಕೆಟ್ಟ ಗುಣವೂ ಇದೆ: ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಹತ್ತಿಗಿಂತ ಅದರಲ್ಲಿ ಹೆಚ್ಚು ಬೆಳೆಯುತ್ತವೆ. ಒಮ್ಮೆ ತೊಟ್ಟದ್ದನ್ನು ತೊಳೆಯದೆ ಮತ್ತೆ ತೊಡುವಂತಿಲ್ಲ.

ಹೆಂಗಸರ ಉಡುಪಿನ ಮಾತಿಗೆ ದೊಡ್ಡ ಇತಿಹಾಸವೇ ಇದೆ. ಇಂಗ್ಲೆಂಡಿನಲ್ಲಿ ಉದ್ದ ಲಂಗ, ಬಿಗಿ ಕುಪ್ಪಸಗಳ ವಿರುದ್ಧ 1881ರಲ್ಲಿ ಒಂದು ಸಂಘವೇ ಹುಟ್ಟಿತು. ಅದರ ಮುಂದಾಳು ಲೇಡಿ ಹಾರ್ಬರ್ಟನ್ 1898ರಲ್ಲಿ ಸೈಕಲ್ ತುಳಿಯುವ ಅಗಲ ಚಲ್ಲಣ ತೊಟ್ಟು ಸರ್ರೆ ಪ್ರಾಂತದ ಒಂದು ಹೋಟೆಲಿಗೆ ಹೋದಾಗ, ಆ ಉಡುಪಿನ ಕಾರಣಕ್ಕೇ ಅವರನ್ನು ಕಾಫಿ ಕೋಣೆಯೊಳಗೆ ಬಿಡಲಿಲ್ಲ. ಮೊಕದ್ದಮೆ ನಡೆದು ತೀರ್ಪು ಹೋಟೆಲಿನ ಪರವಾಯಿತು. ಕರ್ನಾಟಕದಲ್ಲಿ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದ ಮೇಲೆ ಹಳ್ಳಿಯ ಹೆಣ್ಣುಮಕ್ಕಳು ಗುಂಪುಗುಂಪಾಗಿ ಶಾಲೆಗೆ ತುಳಿದುಕೊಂಡು ಹೋಗುವ ನೋಟ ಸಾಮಾನ್ಯವಾಯಿತು. ಅವರಿಗೆ ಚೂಡಿದಾರ ಒಗ್ಗುತ್ತದೆ: ಕಾಲಿನ ತುದಿ ಕಿರಿದು, ಕುರ್ತಾದ ಪಕ್ಕದ ಸೀಳು ಕಾಲಾಡಿಸಲು ಬಿಡುತ್ತದೆ. ಅಪಾಯವಿರುವುದು ವೇಲಿನಲ್ಲಿ. ಚಕ್ರಕ್ಕೋ ಚೈನಿಗೋ ಸಿಕ್ಕ ವೇಲು ಕೊರಳನ್ನು ಬಿಗಿದು ಪ್ರಾಣಕ್ಕೇ ಮುಳುವಾದ ಪ್ರಸಂಗಗಳಿವೆ. ಅದನ್ನು ಕೊರಳಿಗೆ ಸುತ್ತಲೇಬಾರದು. ಭುಜದಿಂದ ಅಡ್ಡಲಾಗಿ ಇಳಿಸಿ ಸೊಂಟದ ಬಳಿ ಗಂಟು ಹಾಕಬೇಕು, ಇಲ್ಲವೇ ಚೀಲದೊಳಗಿಟ್ಟುಕೊಳ್ಳಬೇಕು. ಸೀರೆ, ಉದ್ದ ಲಂಗ ಉಡುವವರ ಸೈಕಲ್ಲಿಗೆ ಹಿಂಚಕ್ರದ ಎರಡೂ ಬದಿ ಜಾಲರಿಯೂ ಪೂರ್ತಿ ಮುಚ್ಚಿದ ಚೈನ್ ಕವರೂ ಬೇಕೇ ಬೇಕು. ಪ್ಯಾಂಟು ತೊಡುವವರು ಬಲಗಾಲಿನ ತುದಿಗೆ ಕ್ಲಿಪ್ಪು ಹಾಕಿಕೊಂಡರೆ ಬಟ್ಟೆಗೆ ಎಣ್ಣೆಮಸಿ ಹತ್ತುವುದೂ ತಪ್ಪುತ್ತದೆ, ಚೈನಿಗೆ ಸಿಕ್ಕಿ ಬೀಳುವುದೂ ತಪ್ಪುತ್ತದೆ.

ಮಳೆಯಲ್ಲಿ ಎಲ್ಲರೂ ಹುಡುಕುವುದು ಒಂದು ಹನಿಯೂ ಒಳಬಾರದ ಕೋಟು. ಗಾಳಿಯಾಡದ ಪ್ಲಾಸ್ಟಿಕ್ ಕೋಟು ತೊಟ್ಟು ತುಳಿದವರು ಹೊರಗಿನ ಮಳೆಯಷ್ಟೇ ಒಳಗಿನ ಬೆವರಿಗೂ ನೆನೆಯುತ್ತಾರೆ. ಕಂಕುಳಲ್ಲಿ, ಬೆನ್ನಿನಲ್ಲಿ ಗಾಳಿಕಿಂಡಿ ಇರುವ, ಹಿಂದೆ ತುಸು ಉದ್ದವಾದ ಹಗುರ ಜಾಕೆಟ್ ಒಳ್ಳೆಯದು. ಕಾಲಿಗೆ ಮಳೆಪ್ಯಾಂಟು ಬೇಡವೇ ಬೇಡ. ನಮ್ಮ ಮಳೆ ಅಷ್ಟು ತಣ್ಣಗಿರುವುದಿಲ್ಲ. ಬೇಗ ಒಣಗುವ ಚಡ್ಡಿ ತೊಟ್ಟು ಕಾಲು ನೆನೆಯಲು ಬಿಟ್ಟರೆ ಟವೆಲ್ಲಿನಿಂದ ಒರೆಸಿಕೊಂಡು ಮುಗಿಸಬಹುದು. ಮಡ್‌ಗಾರ್ಡ್ ಇಲ್ಲದ ಸೈಕಲ್ಲು ಬೆನ್ನುದ್ದಕ್ಕೂ ಕೆಸರಿನ ಗೆರೆ ಎಳೆಯುತ್ತದೆ, ಅದನ್ನು ಮೊದಲು ಹಾಕಿಸಬೇಕು.

ಕಾಣಿಸಿಕೊಳ್ಳುವುದಕ್ಕೆ ಹೊಳೆಯುವ ಹಳದಿ, ಕಿತ್ತಳೆ ಬಣ್ಣಗಳು ಹಗಲಲ್ಲಿ, ಮುಸ್ಸಂಜೆಯಲ್ಲಿ ನೆರವಾಗುತ್ತವೆ. ಕತ್ತಲಾದ ಮೇಲೆ ಅವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ವಾಹನದ ಬೆಳಕನ್ನು ಮರಳಿಸುವ ರಿಫ್ಲೆಕ್ಟರ್ ಪಟ್ಟಿಯೇ ಬೇಕು. ಅದನ್ನು ಎದೆಗಿಂತ ಕಣಕಾಲಿಗೆ, ಮೊಣಕಾಲಿಗೆ ಕಟ್ಟುವುದು ಲೇಸು. ಮೇಲೆ ಕೆಳಗೆ ಆಡುವ ಬೆಳಕನ್ನು ಕಂಡ ಚಾಲಕನಿಗೆ ಅಲ್ಲಿ ಮನುಷ್ಯನಿದ್ದಾನೆಂದು ಬೇಗ ಹೊಳೆಯುತ್ತದೆ. ಆದರೂ ಪಟ್ಟಿಯನ್ನು ನಂಬಿ ಸೈಕಲ್ಲಿನ ದೀಪ ಬಿಡಬಾರದು.

ಕಚೇರಿಯ ಬಟ್ಟೆಯನ್ನು ಮಡಚುವ ಬದಲು ಸುರುಳಿ ಸುತ್ತಿ ಒಯ್ದರೆ ಗೆರೆ ಕಡಿಮೆ. ಚೀಲ ಬೆನ್ನ ಮೇಲಿದ್ದರೆ ಅದರಡಿಯ ಬೆವರು ಆರುವುದಿಲ್ಲ, ಕ್ಯಾರಿಯರಿಗೆ ಕಟ್ಟುವುದು ಉತ್ತಮ. ಕೊನೆಯ ಒಂದು ಕಿಲೋಮೀಟರನ್ನು ನಿಧಾನವಾಗಿ ತುಳಿದು ಬೆವರಾರಿಸಿಕೊಂಡು ಒಳಹೋಗುವುದು ಅನುಭವಿಗಳ ರೂಢಿ. ತಲುಪಿದೊಡನೆ ಪ್ಯಾಡ್ ಚಡ್ಡಿಯನ್ನು ಬಿಚ್ಚಬೇಕು. ಒದ್ದೆ ಪ್ಯಾಡಿನಲ್ಲಿ ಕುಳಿತರೆ ಹುಳುಕಡ್ಡಿಯಾಗುತ್ತದೆ, ಕೂದಲಬುಡದಲ್ಲಿ ಕೀವುಗುಳ್ಳೆಗಳೇಳುತ್ತವೆ. ಪ್ರತಿ ಸವಾರಿಯ ನಂತರ ಮೆದು ಸೋಪಿನಲ್ಲಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಿಸಬೇಕು. ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಿದರೆ ಬೆವರು ಎಳೆಯುವ ಗುಣ ಕೆಡುತ್ತದೆ. ಪ್ರತಿ ಸಲವೂ ಒಗೆಯಬೇಕಾದ್ದರಿಂದ ದಿನವೂ ತುಳಿಯುವವರಿಗೆ ಎರಡು ಚಡ್ಡಿಯಾದರೂ ಬೇಕು. ಸ್ಪಂಜು ಒತ್ತಿದಲ್ಲೇ ಉಳಿದರೆ, ಸೀಟಿಗೆ ತಾಗುವೆಡೆ ಬಟ್ಟೆ ಪಾರದರ್ಶಕವಾದರೆ ಅದರ ಆಯುಸ್ಸು ಮುಗಿಯಿತು. ಸೀಟು, ಚಡ್ಡಿ ಎರಡನ್ನೂ ಸರಿಪಡಿಸಿದ ಮೇಲೂ ಜೋಮು ಉಳಿದರೆ ವೈದ್ಯರಿಗೆ ತೋರಿಸಬೇಕು.

ಇಷ್ಟನ್ನೂ ಸವಾರ ತಾನೇ ಮಾಡಿಕೊಳ್ಳಬಹುದು. ಅವನ ಕೈಯಲ್ಲಿಲ್ಲದ್ದು ಬಟ್ಟೆ ಬದಲಿಸುವ ಜಾಗ. ನೌಕರರು ಸೈಕಲ್ಲಿನಲ್ಲಿ ಬರಲಿ ಎಂದು ಬಯಸುವ ಕಚೇರಿಗಳು ಒಂದು ಬಚ್ಚಲುಮನೆ, ನಾಲ್ಕು ಕೊಕ್ಕೆ, ಒದ್ದೆ ಬಟ್ಟೆ ಹರಡಲು ಗಾಳಿಯಾಡುವೆಡೆ ಒಂದು ಹಗ್ಗ ಇಷ್ಟನ್ನು ಒದಗಿಸಿಕೊಡಲಿ.