ರಜೆಗೂ ಬಗ್ಗದ ದಣಿವು

ಫಿಕ್ಸೆಡ್ ಡಿಪಾಸಿಟ್ ಇಡಲೆಂದು ಬ್ಯಾಂಕಿಗೆ ಬಂದ ನಿವೃತ್ತ ಮೇಷ್ಟ್ರಿಗೆ ಹತ್ತು ವರ್ಷ ಕಂತು ಕಟ್ಟಬೇಕಾದ ವಿಮಾ ಪಾಲಿಸಿ ದಾಟಿಸುವುದು ಮೈ ನೋಯುವಂಥ ಕೆಲಸವೇನಲ್ಲ. ಫ್ಯಾನಿನ ಕೆಳಗೆ ಕೂತು ಹದಿನೈದು ನಿಮಿಷ ಮಾತಾಡಿ, ನಾಲ್ಕು ಕಡೆ ಸಹಿ ಹಾಕಿಸಿಕೊಂಡರೆ ಮುಗಿಯಿತು. ಆದರೆ ಈ ಪಾಲಿಸಿ ಅವರಿಗೆ ಬೇಡವೆಂದು ಗೊತ್ತಿದ್ದೂ ತಿಂಗಳ ಟಾರ್ಗೆಟ್ಟಿಗಾಗಿ ಮಾರಿದ ನೌಕರ ಸಂಜೆ ಮನೆ ಮುಟ್ಟುವಷ್ಟರಲ್ಲಿ ಹೈರಾಣಾಗಿರುತ್ತಾನೆ. ರಾತ್ರಿಯಿಡೀ ಮಲಗೆದ್ದರೂ ಮೈ ಭಾರ. ಭಾನುವಾರ ಸಂಜೆಗೇ ಸೋಮವಾರದ ಸಂಕಟ. ರಕ್ತ ಪರೀಕ್ಷೆಯ ವರದಿ ನೋಡಿದರೆ ಎಲ್ಲವೂ ನಾರ್ಮಲ್.

ಈ ಬಗೆಯ ಸುಸ್ತನ್ನು ಸೋಮಾರಿತನದ ಲೆಕ್ಕಕ್ಕೆ ಹಾಕುವುದು ಸುಲಭ. ವಿಜ್ಞಾನದ ಲೆಕ್ಕ ಬೇರೆ. ನ್ಯೂಯಾರ್ಕಿನಲ್ಲಿ ಮಾದಕವ್ಯಸನಿಗಳಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್, 1974ರಲ್ಲಿ ತಮ್ಮ ಮತ್ತು ಜೊತೆಯವರ ಬಳಲಿಕೆಯನ್ನು 'ಬರ್ನ್‌ಔಟ್' ಎಂದು ಕರೆದು ಪ್ರಬಂಧ ಬರೆದರು. ಮೈಗಳ್ಳರಿಗಿಂತ ಕೆಲಸವನ್ನು ಮನಸಾರೆ ಹಚ್ಚಿಕೊಂಡವರೇ ಹೆಚ್ಚು ಕುಸಿಯುತ್ತಾರೆಂಬುದು ಅವರ ಕಣ್ಣಿಗೆ ಬಿದ್ದಿತ್ತು. ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ 1981ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬಸಿದುಹೋದ ಅನುಭವ, ಕೆಲಸದ ಬಗ್ಗೆ ಸಿನಿಕತನ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದೂ ಸ್ಪಷ್ಟಪಡಿಸಿತು.

ಬರ್ನ್‌ಔಟ್ ಎಂದೊಡನೆ ನಮಗೆ ಹೊಳೆಯುವುದು ವಿಪರೀತ ಕೆಲಸ. ಮ್ಯಾಸ್ಲಾಕ್ ಹಾಗೂ ಮೈಕೆಲ್ ಲೈಟರ್ ಕೊಟ್ಟ ಪಟ್ಟಿಯಲ್ಲಿ ಕೆಲಸದ ಹೊರೆ ಆರು ಕಾರಣಗಳಲ್ಲಿ ಒಂದು ಮಾತ್ರ. ಕೆಲಸದ ಮೇಲೆ ನಮಗಿರುವ ಹಿಡಿತ, ಸಿಗುವ ಪ್ರತಿಫಲ, ಜೊತೆಯವರ ಒಡನಾಟ, ನ್ಯಾಯ ಇವು ಮತ್ತೆ ನಾಲ್ಕು. ಆರನೆಯದು ಮೌಲ್ಯ, ಅಂದರೆ ನಾನು ಸರಿ ಎಂದು ನಂಬಿದ್ದಕ್ಕೂ ಸಂಬಳಕ್ಕಾಗಿ ಮಾಡುವುದಕ್ಕೂ ಇರುವ ಹೊಂದಾಣಿಕೆ. ಹೊರೆ ಜಾಸ್ತಿಯಾದಾಗಿನ ದಣಿವು ಬಿಡುವು ಸಿಕ್ಕರೆ ಇಳಿಯುತ್ತದೆ. ಮೌಲ್ಯ ಕೆಟ್ಟಾಗಿನದು ಇಳಿಯುವುದು ಕಷ್ಟ. ಏಕೆಂದು ತಿಳಿಯಲು, ಮನಸ್ಸಿಗೆ ಒಪ್ಪದ ಕೆಲಸ ಮಾಡುವಾಗ ನಮ್ಮೊಳಗೆ ಏನಾಗುತ್ತದೆಂದು ನೋಡಬೇಕು.

ಮೊದಲ ಖರ್ಚು ಮುಖವಾಡದ್ದು. ಸಮಾಜವಿಜ್ಞಾನಿ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕಕ್ಕಾಗಿ ಇಬ್ಬಗೆಯ ಉದ್ಯೋಗಿಗಳನ್ನು ಅಧ್ಯಯನ ಮಾಡಿದ್ದರು: ನಗುತ್ತಲೇ ಇರಬೇಕಾದ ಗಗನಸಖಿಯರು, ಗದರಿಸಬೇಕಾದ ಸಾಲ ವಸೂಲಿಗಾರರು. ಒಳಗಿಲ್ಲದ ಭಾವನೆಯನ್ನು ಹೊರಗೆ ತೋರಿಸುವುದೂ ದುಡಿಮೆಯೇ ಎಂದರು ಅವರು. ಇಂಥ ತೋರಿಕೆಯ ನಟನೆಗೂ ಬಳಲಿಕೆಗೂ ಗಟ್ಟಿ ನಂಟಿದೆಯೆಂದು ಮುಂದಿನ ಮೂರು ದಶಕಗಳ ಸಂಶೋಧನೆಗಳನ್ನು ಒಟ್ಟಾಗಿ ನೋಡಿದ 2011ರ ವಿಶ್ಲೇಷಣೆಯೂ ತೋರಿಸಿತು. ಆ ಭಾವನೆಯನ್ನು ನಿಜವಾಗಿ ತಂದುಕೊಳ್ಳಬಲ್ಲವರಲ್ಲಿ ಈ ನಂಟು ದುರ್ಬಲ. ಕರ್ನಾಟಕದಲ್ಲಿ ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯೇ ಬಂತು. ಅದು ರಕ್ಷಿಸಲು ಹೊರಟಿದ್ದು ಸಾಲಗಾರರನ್ನು, ಅದು ಸರಿಯೇ. ಆದರೆ ಪಕ್ಕದೂರಿನ ಹುಡುಗನೊಬ್ಬ ತನ್ನ ತಾಯಿಯ ವಯಸ್ಸಿನ ಹೆಂಗಸಿನ ಮನೆಬಾಗಿಲಲ್ಲಿ ದನಿ ಏರಿಸಿ ನಿಲ್ಲಬೇಕಾಗಿ ಬಂದರೆ ಅವನಿಗೂ ಅದು ಪುಕ್ಕಟೆಯಲ್ಲ.

ಎರಡನೆಯದು ಸಮರ್ಥನೆಯ ಖರ್ಚು. ನಂಬಿಕೆಗೂ ನಡತೆಗೂ ಹೊಂದದಿದ್ದಾಗ ಉಂಟಾಗುವ ಕಸಿವಿಸಿಯನ್ನು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಸಿದ್ಧಾಂತವಾಗಿಸಿದರು. ಎರಡು ವರ್ಷದ ನಂತರ ಅವರೂ ಜೇಮ್ಸ್ ಕಾರ್ಲ್‌ಸ್ಮಿತ್‌ರೂ ವಿದ್ಯಾರ್ಥಿಗಳಿಂದ ನೀರಸ ಕೆಲಸವೊಂದನ್ನು ಮಾಡಿಸಿ, 'ಬಹಳ ಮಜವಾಗಿತ್ತು' ಎಂದು ಮುಂದಿನವರಿಗೆ ಸುಳ್ಳು ಹೇಳಿಸಿದರು. ಕೆಲವರಿಗೆ 20 ಡಾಲರ್ ಕೊಟ್ಟರು, ಕೆಲವರಿಗೆ 1 ಡಾಲರ್. ಆ ಕೆಲಸ ನಿಜಕ್ಕೂ ಚೆನ್ನಾಗಿತ್ತೆಂದು ಆಮೇಲೆ ಹೆಚ್ಚಾಗಿ ಹೇಳಿದವರು 1 ಡಾಲರ್ ಪಡೆದವರು! 20 ಡಾಲರ್ ಪಡೆದವರಿಗೆ ಸುಳ್ಳಿಗೊಂದು ನೆಪವಿತ್ತು. ಮಿಕ್ಕವರು ತಮ್ಮ ಅಭಿಪ್ರಾಯವನ್ನೇ ತಿದ್ದಿಕೊಳ್ಳಬೇಕಾಯಿತು. ಕಚೇರಿಯಲ್ಲಿ ಹೀಗೆ ತಿದ್ದಿಕೊಳ್ಳುವ ಒಂದು ದಾರಿ ಸಿನಿಕತನ. 'ಎಲ್ಲರೂ ಮಾಡ್ತಾರೆ', 'ಸಹಿ ಹಾಕೋ ಮೊದಲು ಅವರೇ ಓದ್ಕೋಬೇಕಿತ್ತು' ಎನ್ನುವುದು ಕಲ್ಲುಮನಸ್ಸಿನ ಗುರುತಾಗಿರಬೇಕಿಲ್ಲ. ಕಸಿವಿಸಿ ತಾಳಲಾರದ ಮನಸ್ಸಿನ ಮಾತೂ ಆಗಿರಬಹುದು. ಹೀಗೆ ಹೇಳಿಕೊಳ್ಳಲಾಗದವರು ನಂಬಿಕೆ, ನಡತೆ ಎರಡನ್ನೂ ಹೊತ್ತು ತಿರುಗುತ್ತಾರೆ.

ಇಷ್ಟಕ್ಕೆಲ್ಲ ಮಿದುಳಿನ 'ಇಂಧನ' ಖಾಲಿಯಾಗುತ್ತದೆಯೇ? ಇಲ್ಲ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು ಸುಮ್ಮನಿದ್ದಾಗಲೂ ದೇಹದ ಶಕ್ತಿಯ ಸುಮಾರು ಶೇ. 20ರಷ್ಟನ್ನು ಬಳಸುತ್ತದೆ. ತಲೆ ಕೆಡಿಸಿಕೊಂಡಾಗ ಈ ಬಳಕೆ ಹೆಚ್ಚುವುದು ಅತ್ಯಲ್ಪ. ಮನೋಬಲವೆಂಬುದು ಬಳಸಿದಷ್ಟೂ ಖಾಲಿಯಾಗುವ ಸರಕು ಎಂಬ ಜನಪ್ರಿಯ ವಾದವನ್ನು 2016ರಲ್ಲಿ 23 ಪ್ರಯೋಗಾಲಯಗಳು ಮರುಪರೀಕ್ಷಿಸಿದಾಗ ನಿರೀಕ್ಷಿತ ಪರಿಣಾಮ ಹೆಚ್ಚುಕಡಿಮೆ ಸಿಗಲೇ ಇಲ್ಲ. ಹೆಚ್ಚು ಕುತೂಹಲದ ಸುಳಿವು ಬಂದದ್ದು 2022ರಲ್ಲಿ, ಪ್ಯಾರಿಸ್‌ನಿಂದ. ದಿನವಿಡೀ ಕಠಿಣ ಮಾನಸಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ, ತಕ್ಷಣದ ಪ್ರತಿಕ್ರಿಯೆಯನ್ನು ಹತ್ತಿಕ್ಕಿ ಯೋಚಿಸಿ ನಡೆಯಲು ನೆರವಾಗುವ ಪಾರ್ಶ್ವದಲ್ಲಿ, ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚಿದ್ದನ್ನು ಆಂಟೋನಿಯಸ್ ವೀಲರ್ ಮತ್ತು ಸಂಗಡಿಗರು ಕಂಡರು. ಸುಲಭದ ಕೆಲಸ ಮಾಡಿದವರಲ್ಲಿ ಹಾಗಾಗಿರಲಿಲ್ಲ. ಇದು ಮೌಲ್ಯಗಳ ತಾಕಲಾಟದ ಪ್ರಯೋಗವಲ್ಲ. ಆದರೆ ನಾಲಿಗೆಗೆ ಬಂದ ನಿಜವನ್ನು ತಡೆಹಿಡಿದು ಕಲಿಸಿಕೊಟ್ಟ ಮಾತನ್ನೇ ಆಡಲು ಬೇಕಾದದ್ದೂ ಇಂಥದೇ ಹತೋಟಿ. ಅದನ್ನು ದಿನಕ್ಕೆ ಹತ್ತಾರು ಸಲ ಮಾಡಿದವರು ಸುಸ್ತಾಗುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ರಜೆಯ ಪ್ರಶ್ನೆ. ಒತ್ತಡ ಎದುರಾದಾಗ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಎದೆಬಡಿತ ಹೆಚ್ಚುತ್ತದೆ, ಕಾರಣ ಸರಿದ ಮೇಲೆ ಇಳಿಯುತ್ತದೆ. ಆದರೆ ಅದನ್ನೇ ಮೆಲುಕು ಹಾಕುತ್ತಿದ್ದರೆ ದೇಹದ ಎಚ್ಚರಿಕೆ ಆರುವುದಿಲ್ಲ ಎಂದು ಬ್ರೋಸ್‌ಶಾಟ್ ಮತ್ತು ಸಂಗಡಿಗರು 2006ರಲ್ಲಿ ವಾದಿಸಿದರು. ಉಳಿದ ಫೈಲುಗಳು ಆಫೀಸಿನ ಮೇಜಿನ ಮೇಲೇ ಇರುತ್ತವೆ, 'ಅವರಿಗೆ ಮೋಸ ಮಾಡಿದೆನಲ್ಲ' ಎಂಬುದು ಮಾತ್ರ ಮನೆಗೆ ಬರುತ್ತದೆ. ಪ್ರವಾಸ ಹೋದರೆ ಅದೂ ಬಸ್ಸು ಹತ್ತುತ್ತದೆ.

ಆಸ್ಪತ್ರೆಗಳಲ್ಲಿ ಇದರ ತೀವ್ರ ರೂಪವಿದೆ. ಮಾಡಬೇಕಾದದ್ದು ಏನೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದಾಗಿ ಮಾಡಲಾಗದ ದಾದಿಯರ ಯಾತನೆಯನ್ನು ಆಂಡ್ರ್ಯೂ ಜೇಮ್ಟನ್ 1984ರಲ್ಲಿ ನೈತಿಕ ಸಂಕಟವೆಂದು ಗುರುತಿಸಿದರು. ಪ್ರತಿ ಘಟನೆಯೂ ಮನಸ್ಸಿನಲ್ಲಿ ಒಂದಿಷ್ಟು ಗಸಿ ಉಳಿಸಿ ಹೋಗುತ್ತದೆ, ಮುಂದಿನ ಸಂಕಟ ಅದರ ಮೇಲೇ ಶುರುವಾಗುತ್ತದೆ ಎಂದು 2009ರಲ್ಲಿ ಎಪ್‌ಸ್ಟೈನ್ ಮತ್ತು ಹ್ಯಾಮ್ರಿಕ್ ವಿವರಿಸಿದರು. ಅನುಭವ ಹೆಚ್ಚಾದಂತೆ ಅಭ್ಯಾಸವಾಗುತ್ತದೆ ಎಂಬ ನಮ್ಮ ಸಮಾಧಾನಕ್ಕೆ ಇದು ವಿರುದ್ಧ.

ಹಾಗೆಂದು ಎಲ್ಲ ಆಯಾಸಕ್ಕೂ ಆತ್ಮಸಾಕ್ಷಿಯೇ ಕಾರಣವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಥೈರಾಯ್ಡ್, ಮಧುಮೇಹ, ಬಿ12 ಕೊರತೆ, ಗೊರಕೆಯೊಡನೆ ಬರುವ ಉಸಿರುಕಟ್ಟು, ಖಿನ್ನತೆ ಇವೆಲ್ಲ ಮೊದಲು ವೈದ್ಯರ ಬಳಿ ಇತ್ಯರ್ಥವಾಗಬೇಕು. ಆಮೇಲೂ ಸುಸ್ತು ಉಳಿದರೆ ಕೇಳಿಕೊಳ್ಳಬೇಕಾದದ್ದು, ದಿನದಲ್ಲಿ ಯಾವ ಕೆಲಸ ಮಾಡಿದ ಮೇಲೆ ಇದು ಹೆಚ್ಚುತ್ತದೆ ಎಂದು. ಅತಿ ಹೆಚ್ಚು ಹೊತ್ತು ಹಿಡಿಯುವ ಕೆಲಸವೂ, ಅತಿ ಹೆಚ್ಚು ದಣಿಸುವ ಕೆಲಸವೂ ಬೇರೆ ಬೇರೆಯಾಗಿದ್ದರೆ ಅಲ್ಲೊಂದು ಸುಳಿವಿದೆ.

ಕೆಲಸದ ಅರ್ಥ ಕಣ್ಣಿಗೆ ಕಂಡಾಗ ಈ ದಣಿವಿನ ಉಲ್ಟಾ ಆಗುವುದನ್ನೂ ಮನೋವಿಜ್ಞಾನಿ ಆಡಮ್ ಗ್ರಾಂಟ್ 2007ರಲ್ಲಿ ತೋರಿಸಿದ್ದಾರೆ. ವಿಶ್ವವಿದ್ಯಾಲಯಕ್ಕಾಗಿ ಫೋನ್ ಮಾಡಿ ದೇಣಿಗೆ ಕೇಳುವವರು, ಆ ಹಣದಿಂದ ಓದುತ್ತಿದ್ದ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿಯಾದರು. ತಿಂಗಳ ನಂತರ ಅವರು ಫೋನಿನಲ್ಲಿ ಕಳೆದ ಸಮಯ ಎರಡು ಪಟ್ಟಿಗೂ ಮೀರಿ ಹೆಚ್ಚಿತ್ತು. ಕೆಲಸವೂ ಅದೇ, ಸಂಬಳವೂ ಅದೇ.

ಆದರೆ ಕೆಲಸವೇ ಗ್ರಾಹಕನಿಗೆ ಕೇಡು ಮಾಡುವಂಥದ್ದಾಗಿದ್ದರೆ ಯಾರನ್ನು ಭೇಟಿ ಮಾಡಿಸುವುದು? ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಪ್ರತಿ ಗ್ರಾಹಕನಿಗೂ ಎಂಟು ಸೇವೆ ಮಾರುವ ಗುರಿಯ ಬೆನ್ನು ಹತ್ತಿದ್ದರಿಂದ, ನೌಕರರು ಕೇಳದವರ ಹೆಸರಿನಲ್ಲೂ ಲಕ್ಷಾಂತರ ಖಾತೆ ತೆರೆಯುವಂತಾಯಿತು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಆ ಹೊತ್ತಿಗೆ ಸುಮಾರು 5,300 ನೌಕರರನ್ನು ಬ್ಯಾಂಕು ಮನೆಗೆ ಕಳಿಸಿತ್ತು. ಟಾರ್ಗೆಟ್ಟಿನ ಒತ್ತಡದಿಂದ ಆರೋಗ್ಯ ಕೆಡಿಸಿಕೊಂಡೆವೆಂದು ಹಲವು ಮಾಜಿ ನೌಕರರು ಹೇಳಿಕೊಂಡರು. ಕೊನೆಗೆ ಬ್ಯಾಂಕು ಆ ಮಾರಾಟ ಗುರಿಗಳನ್ನೇ ಕೈಬಿಟ್ಟಿತು.

ಇಂಥ ಕಡೆ ನೌಕರರಿಗೆ ಧ್ಯಾನ ಶಿಬಿರ ಏರ್ಪಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಉಸಿರಾಟದ ಅಭ್ಯಾಸದಿಂದ ಎದೆಬಡಿತ ತಹಬಂದಿಗೆ ಬಂದೀತು, ಮರುದಿನ ಮಾರಬೇಕಾದ ಪಾಲಿಸಿ ಬದಲಾಗದು. ಎಲ್ಲರಿಗೂ ರಾಜೀನಾಮೆ ಬಿಸಾಕುವ ಅನುಕೂಲವಿಲ್ಲ, ಮನೆಸಾಲ, ಮಕ್ಕಳ ಫೀಸು ಇರುತ್ತವೆ. ಆದರೂ ದಣಿವಿನ ಮೂಲ ಗೊತ್ತಾದವರು ತಮ್ಮನ್ನು ತಾವೇ ಹಳಿದುಕೊಳ್ಳುವುದನ್ನಾದರೂ ನಿಲ್ಲಿಸಬಹುದು, ಒಂದೇ ಕಸಿವಿಸಿಯ ನಾಲ್ವರು ಸೇರಿ ಮ್ಯಾನೇಜರ್ ಮುಂದೆ ಮಾತೆತ್ತಬಹುದು, ಬೇರೆ ವಿಭಾಗಕ್ಕೆ ವರ್ಗ ಕೇಳಬಹುದು. ಆಡಳಿತದವರು ನೌಕರರ ಆರೋಗ್ಯ ತಪಾಸಣೆ ಮಾಡಿಸುವಾಗ ಟಾರ್ಗೆಟ್ ಪಟ್ಟಿಯನ್ನೂ ಒಮ್ಮೆ ತಪಾಸಣೆಗೆ ಒಡ್ಡುವುದು ಒಳ್ಳೆಯದು.